ಹನ್ನೊಂದು ಹಾಳೆಗಳ ಸುಳ್ಳು

ಸೊಯ್ಲಾ ಗುವಾಮಾನ್ ಹೇಸರಗತ್ತೆ ಹೊಡೆಯುವ ಹೆಂಗಸು. ಎಕ್ವಡಾರಿನ ದಕ್ಷಿಣದ ಬೆಟ್ಟಗಳಿಗೆ ಗಿಡ ಹುಡುಕಿ ಬರುವವರ ಗಂಟುಮೂಟೆಯನ್ನು ಮೂವತ್ತು ವರ್ಷ ಸಾಗಿಸಿದವಳು. ಆದರೂ ಆ ಜನರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕಾರಣ ಪ್ರೊಫೆಸರ್ ಬಾಲ್ದೆಯೋನ್.

ಇಪ್ಪತ್ತನಾಲ್ಕು ವರ್ಷದ ಹಿಂದೆ ಅವಳೇ ಅವನನ್ನು ಮಂಜಿನಲ್ಲಿ ಯಾನಾರುಮಿ ಬೆಟ್ಟದ ಕರಿಬಂಡೆಗೆ ಕರೆದೊಯ್ದಿದ್ದಳು. ಅಲ್ಲಿಯ ಸಂದಿನಲ್ಲಿ ಬೆಳ್ಳಿರೋಮದ ಒಂದು ಜಾತಿಯ ಜರಿಗಿಡ, ಬೇರೆಲ್ಲೂ ಇಲ್ಲ. ಬಾಣಂತಿಯರಿಗೆಂದು ಅದರ ಒಂದೆಲೆ ಕೀಳುವಾಗಲೂ ಅವಳ ತಾಯಿ ಬಂಡೆಗೆ ಮೊದಲು ಚಿಚಾ ಎಂಬ ಮೆಕ್ಕೆಜೋಳದ ಕಳ್ಳು ಹೊಯ್ಯುತ್ತಿದ್ದಳು. ಪ್ರೊಫೆಸರ್ ಬೇರುಸಮೇತ ಎರಡು ಚೀಲ ತುಂಬಿದ. ಸಂಜೆ ಗಿಡಗಳನ್ನು ಕಾಗದದಲ್ಲಿ ಒತ್ತಿ ಚೀಟಿ ಬರೆಯುತ್ತ ಬೆಟ್ಟದ ಹೆಸರು ಕೇಳಿದ. ನಕ್ಷೆಯಿಲ್ಲದ ಆ ಸೀಮೆಯಲ್ಲಿ ಹೇಸರಗತ್ತೆಯವರು ಹೇಳಿದ್ದೇ ಹೆಸರು. ಬೇರು ಕಿತ್ತ ಸಿಟ್ಟಿಗೆ ಸೊಯ್ಲಾ ಕಣಿವೆಯಾಚೆಯ ಬೋಳುಗುಡ್ಡದ ಹೆಸರು ಹೇಳಿದಳು: ಸೊಲಿತಾರಿಯೊ.

ಗಿಡ ಒತ್ತಿದ ಹನ್ನೊಂದು ಹಾಳೆಗಳ ಮೇಲೂ ಅದೇ ಹೆಸರು ಬಿತ್ತು. ಆಮೇಲೆ ಆ ಹೆಸರು ಓದಿ ಗಿಡ ಹುಡುಕಿ ಬಂದವರನ್ನೆಲ್ಲ ಬೋಳುಗುಡ್ಡ ಸುತ್ತಿಸಿ, ಬರಿಗೈಯಲ್ಲಿ ಇಳಿಸಿ, ಅವಳು ಒಳಗೊಳಗೇ ನಗುತ್ತಿದ್ದಳು.

ಕೊನೆಗೆ ಗಣಿಯವರು ಬಂದರು. ಊರ ಸಭೆಯಲ್ಲಿ ಎಂಜಿನಿಯರ್ ವರದಿ ಓದಿದ: ಆ ಗಿಡ ಸೊಲಿತಾರಿಯೊದಲ್ಲಿ ಮಾತ್ರ ಇತ್ತು, ಈಗ ಅಲ್ಲೂ ಅಳಿದಿದೆ, ಯಾನಾರುಮಿ ಅಗೆಯಲು ಅಡ್ಡಿಯಿಲ್ಲ.

ಸೊಯ್ಲಾ ಎದ್ದಳು. "ಗಿಡ ಯಾನಾರುಮೀಲೇ ಇದೆ. ಆವತ್ತು ಸುಳ್ಳು ಹೇಳಿದ್ದು ನಾನು."

"ಆವತ್ತು ಸುಳ್ಳು ಹೇಳಿದೋಳು ಇವತ್ತು ಸತ್ಯವಂತೆ ಆಗ್ಬಿಟ್ಲಂತೆ," ಎಂದ ಅವಳ ಭಾವ ಫಿದೆನ್ಸಿಯೊ. ಅವನಿಗೆ ಗಣಿಯಲ್ಲಿ ಮೇಸ್ತ್ರಿ ಕೆಲಸ ಬೇಕಿತ್ತು. "ಕೂತ್ಕೊಳೇ. ನಿನ್ ಮಾತನ್ನ ನಿನ್ ಹೇಸರಗತ್ತೇನೂ ನಂಬಲ್ಲ."

ಊರೆಲ್ಲ ನಕ್ಕಿತು. ಎಂಜಿನಿಯರ್ ಮಾತ್ರ ನಗಲಿಲ್ಲ. "ಹಾಳೆ ಬರ್ದವರೇ ತಿದ್ದಿದ್ರೆ ನೋಡೋಣ."

ತಾನೇ ತೋಡಿದ ಗುಂಡಿ. ಸಾಯುವವರೆಗೂ ಮುಖ ನೋಡಬಾರದೆಂದುಕೊಂಡವನ ಮನೆ ಬಾಗಿಲನ್ನೇ ಅವಳು ತಟ್ಟಬೇಕಾಯಿತು.

"ಆ ಗಿಡಕ್ಕೆ ನನ್ನ ಹೆಸರಿಟ್ಟಿದ್ದಾರೆ ಕಣಮ್ಮ," ಎಂದ ಮುದುಕ ಬಾಲ್ದೆಯೋನ್. "ಹನ್ನೊಂದೂ ತಪ್ಪು ಅಂತ ಬರ್ದ್ರೆ ನನ್ನ ಮಾನ ಏನಾಗ್ಬೇಕು?"

"ನಿಮ್ ಮಾನ ಹಾಳಾಗ್ಲಿ. ಬಂದು ಕಣ್ಣಾರೆ ನೋಡಿ."

ಅವನು ಬಂದ, ಗಿಡದ ಆಸೆ ಮಾನಕ್ಕಿಂತ ದೊಡ್ಡದಿತ್ತು. ಎರಡು ದಿನದ ದಾರಿಯಲ್ಲಿ ಅವನು ಬಾಯಿಬಿಟ್ಟು ಕೇಳುವವರೆಗೂ ಅವಳು ಒಂದು ಲೋಟ ಬಿಸಿನೀರನ್ನೂ ಕೊಡಲಿಲ್ಲ. ಬಂಡೆ ತುಂಬ ಜರಿಗಿಡ ಮತ್ತೆ ಹಬ್ಬಿತ್ತು. ಅವನ ಕೈ ಸೀದಾ ಗುದ್ದಲಿಗೆ ಹೋಯಿತು. ಸೊಯ್ಲಾ ಗುದ್ದಲಿಯ ಮೇಲೆ ಕಾಲಿಟ್ಟಳು.

"ಬೇರಿಲ್ಲದ ಹಾಳೆ ಯಾರೂ ಒಪ್ಪಲ್ಲ," ಎಂದ ಅವನು.

ಬಂಡೆಗೆ ಚಿಚಾ ಹೊಯ್ದು, ಬೆರಳಿನಿಂದ ಮಣ್ಣು ಕೆದರಿ, ಒಂದೇ ಒಂದು ಗಿಡವನ್ನು ಅವಳೇ ಕಿತ್ತಳು. ಅವಳಿಗೆ ಅಳು ಬಂತು, ಅವನೆದುರು ಅಳಲಿಲ್ಲ. "ಯಾನಾರುಮಿ ಅಂತ ಬರೀರಿ. ಹಿಂದಿನ ಹನ್ನೊಂದೂ ತಪ್ಪು ಅಂತಾನೂ ಬರೀರಿ."

ಅವನು ಹಲ್ಲು ಕಚ್ಚಿ ಬರೆದ. "ಕಿತ್ತೋರು ಯಾರು ಅಂತ ಬರೀಲಿ?"

"ನಾನೇ."

"ದಾರಿ? ದಾರಿ ಬರೀದೆ ಇದ್ರೆ ಗಣಿಯವ್ರು ಇದನ್ನೂ ಸುಳ್ಳು ಅಂತಾರೆ."

ಸೊಯ್ಲಾ ಗಿಡ ಕಿತ್ತ ಗುಳಿಗೆ ಮಣ್ಣು ಮುಚ್ಚಿದಳು. ಆಮೇಲೆ ಹೇಳಿದಳು: ಎಲ್ಲಿ ಹೊಳೆ ದಾಟಬೇಕು, ಯಾವ ಮರದ ಹತ್ತಿರ ಎಡಕ್ಕೆ ತಿರುಗಬೇಕು, ಎಷ್ಟನೆಯ ಬಂಡೆ. ಒಂದನ್ನೂ ಬಿಡಲಿಲ್ಲ.

"ಇನ್ಮೇಲೆ ಚೀಲ ಹಿಡ್ಕೊಂಡು ಬರೋರಿಗೆ ನಾನು ಬೇಕಾಗಿಲ್ಲ," ಎಂದಳು.

ಪ್ರೊಫೆಸರ್ ತಲೆಯೆತ್ತಲಿಲ್ಲ. ಅವನಿನ್ನೂ ಬರೆಯುತ್ತಿದ್ದ.