ಲಾಂಛನಕ್ಕಿಟ್ಟ ಬೊಟ್ಟು

ಮಸ್ಕತ್ತಿನ ಆ ದುಬಾರಿ ಕಾರಿನ ಮಳಿಗೆಗೆ ಕಾಲಿಟ್ಟವರು ಪ್ರೇಮನಾಥನ ಪುರಾಣ ಕೇಳದೆ ಹೊರಬಿದ್ದದ್ದಿಲ್ಲ. ಕಾರು ಮಾರುವುದು ಅವನ ಕೆಲಸ. ಆದರೆ ಕೊಳ್ಳುವವರಿಗಿಂತ ಕೇಳುವವರು ಸಿಕ್ಕಿದರೇ ಅವನಿಗೆ ಖುಷಿ. ಕಂಪನಿಯ ಮೂಲಪುರುಷ ಬ್ರೇಕ್ ತಿದ್ದಲು ಕೂತಲ್ಲಿಂದ ಹಿಡಿದು, ಸೀಟ್ ಬೆಲ್ಟು, ಏರ್‌ಬ್ಯಾಗುಗಳನ್ನು ದಾಟಿ, ಅಡ್ಡ ಬಂದವರನ್ನು ಕಂಡು ತಾನೇ ನಿಲ್ಲುವ ಹೊಸ ಕಾರಿನ ತನಕ ಬರುವಷ್ಟರಲ್ಲಿ ಗಿರಾಕಿಯ ಕೈಯ ಕಹ್ವಾ ಕಾಫಿ ಆರಿರುತ್ತಿತ್ತು. ಅದನ್ನೆಲ್ಲ ತನ್ನೂರು ಮೂಡಬಿದಿರೆಯಲ್ಲಿ ಕೂತು ತಾನೇ ಕಂಡುಹಿಡಿದವನ ಹಾಗೆ ಬೀಗುತ್ತಿದ್ದ.

ಆಯುಧಪೂಜೆಯ ದಿನ ಹೊಸ ಕಾರಿನ ಪ್ರದರ್ಶನ. ಪೂಜೆಯಿಲ್ಲದೆ ಗಾಡಿ ಹೊರಡಿಸಲು ಅವನಿಗೆ ಮನಸ್ಸು ಬರಲಿಲ್ಲ. ದಾರ್ಸೈಟಿನ ಕೃಷ್ಣ ದೇವಸ್ಥಾನದಿಂದ ಕುಂಕುಮ ತಂದು, ಯಾರೂ ಬರುವ ಮೊದಲೇ ಕಾರಿನ ಮುಂದಿನ ಕೆಂಪು ಲಾಂಛನಕ್ಕೆ ದಪ್ಪಗೆ ಬೊಟ್ಟಿಟ್ಟು ಕೈಮುಗಿದ. ಆಮೇಲೆ ಒರೆಸಿದರಾಯಿತು ಎಂದುಕೊಂಡವನು ಮರೆತೇಬಿಟ್ಟ. ಅಡ್ಡ ಬಂದವರನ್ನು ನೋಡುವ ಕಾರಿನ ಕ್ಯಾಮೆರಾ ಆ ಲಾಂಛನದ ನಡುವೆಯೇ ಇದೆಯೆಂದು ಬಂದವರಿಗೆಲ್ಲ ತೋರಿಸುತ್ತಿದ್ದ ಮಹಾನುಭಾವನೂ ಇವನೇ!

ಅತಿಥಿಗಳೆದುರು ಕಾರು ಹೊರಟಿತು. ಅಡ್ಡ ನಿಲ್ಲಿಸಿದ್ದ ರಟ್ಟಿನ ಮನುಷ್ಯನ ಮುಂದೆ ನಿಲ್ಲಬೇಕಿದ್ದದ್ದು ಅವನನ್ನು ಕೆಡವಿ ಮುಂದೆ ಹೋಯಿತು. ಜನ ನಕ್ಕರು. ಕಾರು ಒರೆಸುವ ಕೆಲಸದ ಮ್ಯಾಕ್ಸ್‌ವೆಲ್ ಓಡಿಬಂದು, ಬೊಟ್ಟು ಕಂಡು, ತಟ್ಟನೆ ಬಟ್ಟೆಯಿಂದ ಒರೆಸಿದ. ಹಿಂದೆಯೇ ಮ್ಯಾನೇಜರ್ ಬಂದರು.

"ಕೊಳೆ ಬಿಟ್ಟಿದ್ದೀಯಾ? ಖಲಾಸ್! ನಾಳೆಯಿಂದ ಬುರೈಮಿ ಶಾಖೆಗೆ ಹೋಗು."

ಮ್ಯಾಕ್ಸ್‌ವೆಲ್‌ನ ಹೆಂಡತಿ ಎಸ್ತರ್‌ಗೆ ಮಸ್ಕತ್ತಿನಲ್ಲೇ ಕೆಲಸ. ಅಷ್ಟು ದೂರದ ಬುರೈಮಿಯೆಂದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಅದು ಪ್ರೇಮನಾಥನಿಗೆ ಚೆನ್ನಾಗಿ ಗೊತ್ತು. ಆದರೂ ಅಷ್ಟು ಮಾತಿನ ಮಲ್ಲ ಬಾಯಿಗೆ ಬೀಗ ಹಾಕಿಕೊಂಡು ನಿಂತ. ನಾಚಿಕೆಗೇಡು, ಬೇರೆ ಮಾತಿಲ್ಲ.

ಸಂಜೆ ಮ್ಯಾಕ್ಸ್‌ವೆಲ್ ನಲ್ಲಿಯ ಕೆಳಗೆ ಕೆಂಪಾದ ಬಟ್ಟೆ ಹಿಂಡುತ್ತಿದ್ದ.

"ನೀನು ಯಾಕೆ ಹೇಳ್ಲಿಲ್ಲ ಮಾರಾಯ?" ಎಂದ ಪ್ರೇಮನಾಥ.

"ನಾನು ಎಂತ ಹೇಳುದು ಪ್ರೇಮಣ್ಣ? ನೀವು ಇಟ್ಟ ದೇವರ ಕುಂಕುಮ ಅಲ್ವಾ. ನೀವೇ ಹೇಳ್ತೀರಿ ಅಂತ ಕಾದೆ."

ಪ್ರೇಮನಾಥನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ನೇರ ಮ್ಯಾನೇಜರ್ ಕೋಣೆಗೆ ಹೋಗಿ, "ಕುಂಕುಮ ಇಟ್ಟದ್ದು ನಾನು ಸರ್" ಎಂದ.

"ಬೆಳಿಗ್ಗೆ ಯಾಕೆ ಸುಮ್ಮನಿದ್ದಿ?"

"ಹೆದರಿದೆ ಸರ್. ಮ್ಯಾಕ್ಸ್‌ವೆಲ್‌ನನ್ನು ಕಳಿಸಬೇಡಿ."

ಮ್ಯಾಕ್ಸ್‌ವೆಲ್ ಬುರೈಮಿಗೆ ಹೋಗಲಿಲ್ಲ. ಪ್ರೇಮನಾಥ ಈಗಲೂ ಗಿರಾಕಿಗಳಿಗೆ ಕಂಪನಿಯ ಪುರಾಣ ಹೇಳುತ್ತಾನೆ, ಆದರೆ ಏರ್‌ಬ್ಯಾಗಿನ ತನಕ ಮಾತ್ರ. ಪಕ್ಕದಲ್ಲಿ ಕಾರು ಒರೆಸುತ್ತ ಮ್ಯಾಕ್ಸ್‌ವೆಲ್, "ಇನ್ನೂ ಉಂಟಲ್ಲ ಪ್ರೇಮಣ್ಣ?" ಎಂದು ಪ್ರೀತಿಯಿಂದಲೇ ಕೇಳುತ್ತಾನೆ. ಪ್ರೇಮನಾಥ ತಲೆ ಎತ್ತುವುದಿಲ್ಲ.