ಮುನಿಯಮ್ಮನ ಹೊಲದಲ್ಲಿ ಗಾಳಿ ಅಳೆದದ್ದು

ದೆವ್ವ, ಗಾಳಿ ಎಂದರೆ ನಗುತ್ತಿದ್ದವನು ನಾನು. ಈಗಲೂ ನಗುತ್ತೇನೆ, ಸ್ವಲ್ಪ ಕಡಿಮೆ. ಆ ದಿನದ ನೆನಪನ್ನೂ ಪೂರ್ತಿ ನಂಬುವುದಿಲ್ಲ. ಹೇಳಿ ಹೇಳಿ ಅದು ನಯವಾಗಿಬಿಟ್ಟಿದೆ. ನೀವೂ ಅನುಮಾನ ಇಟ್ಟುಕೊಂಡೇ ಓದಿ.

ಬೇತಮಂಗಲದ ಹತ್ತಿರ ಮುನಿಯಮ್ಮನ ರಾಗಿ ಹೊಲ. ಪೈರಿನ ಮೇಲೆ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಒಳಗಿನ ಇಂಗಾಲದ ಡೈಆಕ್ಸೈಡ್ ಏರುತ್ತದೋ ಇಳಿಯುತ್ತದೋ ನೋಡುವುದು ನನ್ನ ಕೆಲಸ. ಬಿಸಿಲಲ್ಲಿ ಪೈರು ಅದನ್ನು ಹೀರುತ್ತದೆ, ಯಂತ್ರದ ಪರದೆಯಲ್ಲಿ ಅಂಕಿ ಇಳಿಯಬೇಕು. ಇಷ್ಟೆಲ್ಲ ವಿವರಿಸುವುದೇಕೆಂದು ಮೊದಲ ದಿನ "ಗಾಳಿ ಅಳೀತೀನಮ್ಮಾ" ಅಂದುಬಿಟ್ಟೆ. ನಾನು ಚಿನ್ನದ ಗಣಿಯ ಊರಿಗಾಂನವನು, ಮನೆಮಾತು ತಮಿಳು. ಹಳ್ಳಿಯ ಬಾಯಲ್ಲಿ ಸತ್ತವರೂ ಗಾಳಿಯೇ ಎಂಬುದು ಹೊಳೆಯಲಿಲ್ಲ.

"ಅಳೀರಿ ಸಾರ್. ನಮ್ಮೆಜಮಾನ್ರು ಈ ಬದುವಿನ ಮೇಲೇ ಓಗಿದ್ದು. ಇನ್ನೂ ಇಲ್ಲೇ ಅವ್ರಾ ಅಂತ ಯೋಳಿದ್ರೆ ಸಾಕು."

ತಿದ್ದಿ ಹೇಳಿದೆ. ಆಕೆ ತಲೆಯಾಡಿಸಿದರು. ಆಮೇಲೂ ದಿನಾ ಬಂದು ಪಕ್ಕದಲ್ಲಿ ಕೂತರು.

ಒಂದು ಮಧ್ಯಾಹ್ನ ಸುಡುಬಿಸಿಲಲ್ಲಿ ಅಂಕಿ ಇಳಿಯುವ ಬದಲು ಏರಿತು. ಇಳಿಯಿತು. ಮತ್ತೆ ಏರಿತು, ಒಳಗೆ ಯಾರೋ ಕೂತು ಉಸಿರಾಡಿದ ಹಾಗೆ. ಕೊಳವೆ ನೋಡಿದೆ, ಅಂಚಿಗೆ ಮಣ್ಣು ಮೆತ್ತಿದೆ, ಇಲಿಯೇನಾದರೂ ಸೇರಿಕೊಂಡಿದೆಯೇ ಎಂದು ಬಗ್ಗಿದೆ. ಏನೂ ಇಲ್ಲ.

"ಏನಾಯ್ತು ಸಾರ್?"

"ಯಾರೋ ಹೊಗೆ ಬಿಟ್ಟ ಹಾಗಿದೆ," ಎಂದು ಗೊಣಗಿದೆ.

ಮುನಿಯಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. (ಎಡಕ್ಕಿದ್ದರೋ ಬಲಕ್ಕಿದ್ದರೋ, ನಾನು ಹೇಳಿದಾಗಲೆಲ್ಲ ಬದಲಾಗುತ್ತದೆ.) "ಥೂ! ಡಾಕ್ಟ್ರು ಅಷ್ಟು ಬಡ್ಕೊಂಡ್ರು. ಸತ್ಮೇಲೂ ಬೀಡಿ ಬಿಡಲ್ವಾ ನೀನು? ಸಾರ್ ಕೆಲ್ಸ ಕೆಡಿಸ್ತೀಯಾ? ನಡಿ ಆಚೆ!"

ಅಂಕಿ ಸರಸರ ಇಳಿಯತೊಡಗಿತು, ಪಾಠದಲ್ಲಿ ಬರೆದಂತೆ. ನನಗೆ ನಗು ತಡೆಯಲಾಗಲಿಲ್ಲ.

"ಓದ್ರಾ?" ಎಂದರು.

ಅಂಕಿ ಓದಿದಿರಾ ಎಂದು ಕೇಳುತ್ತಿದ್ದಾರೆಂದುಕೊಂಡೆ. "ಹೂಂನಮ್ಮಾ" ಎಂದೆ, ಖುಷಿಯಿಂದ. ಆ ಕಡೆ "ಹೋದರಾ" ಎನ್ನುವುದೂ "ಓದ್ರಾ" ಎಂದು ತಿಳಿದದ್ದು, ಆಕೆ ಬದುವಿನ ಮೇಲೆ ಕುಸಿದು ಕೂತಾಗ.

"ಸುಮ್ನೆ ಬೈದೆ ಸಾರ್. ದಿನಾ ಬೈತಿದ್ದೆ. ಯಾವತ್ತೂ ಎದ್ದೋಗಿರ್ಲಿಲ್ಲ."

ಪೆಟ್ಟಿಗೆ ಎತ್ತಿ ಮತ್ತೆ ಬೋರಲು ಹಾಕಿದೆ. ಇಬ್ಬರೂ ಯಂತ್ರದ ಪರದೆಗೆ ಮುಖ ಕೊಟ್ಟು ಕೂತೆವು. ಅಂಕಿ ಇಳಿಯುತ್ತಲೇ ಹೋಯಿತು, ಅಷ್ಟು ಚಂದದ ಅಳತೆ ಆ ಬೆಳೆಯಲ್ಲಿ ಮತ್ತೆ ಸಿಗಲಿಲ್ಲ. ಮೊದಲಿನ ಏರಿಳಿತ ಏನೆಂದು ನನ್ನ ಮೇಲಿನವರಿಗೂ ಗೊತ್ತಾಗಲಿಲ್ಲ, ನನಗೂ ಇವತ್ತಿಗೂ ಗೊತ್ತಿಲ್ಲ. ಮುನಿಯಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡರು. ಏರು, ಒಂದೇ ಒಂದು ಸಲ ಏರು ಎಂದು ಗೋಗರೆಯುತ್ತಿದ್ದವನು ನಾನು.