ಹಗೇವಿಗೆ ಇಳಿದಾಕಿ ಇವತ್ತು ನಡದಳು

ನನ್ನ ಮಗಳು ಇವತ್ತು ನಡದಳು. ಐದು ತಿಂಗಳ ಕೂಸನ್ನ ಬಗಲಾಗ ಇಟ್ಟುಕೊಂಡು, ಗ್ವಾಡಿ ಸೈತ ಹಿಡೀಲಾರದ, ಪಡಸಾಲಿಯಿಂದ ಅಡಿಗಿಮನಿತನಕ ನಡದಳು. ಸುರಪುರದಾಗ ನನ್ನಷ್ಟು ಭಾಗ್ಯವಂತ ಮುತ್ಯಾ ಇನ್ನೊಬ್ಬಾಂವ ಇಲ್ಲ. ಮುಂಜಾನಿಂದ ಕಂಡಕಂಡವರಿಗೆ ಹೇಳೇನಿ. ಅದೂ ಸಾಲದಂತ ಈಗ ಬರಿಯಾಕತ್ತೇನಿ. ಸಾಲ್ಯಾಗ ಎರಡ ಜಮಾತ್ ಓದಿದ ಕೈ, ತಪ್ಪಿದ್ದರ ತಿದ್ದಿಕೊಂಡು ಓದ್ರಿ.

ಈ ಖುಷಿ ತಿಳೀಬೇಕಂದ್ರ ಹಗೇವಿನ ಮಾತು ಹೇಳಬೇಕು. ಹಗೇವು ಅಂದ್ರ ಅಂಗಳದಾಗ ತೋಡಿದ, ಜೋಳ ತುಂಬಿಡೋ ಆಳದ ಕುಣಿ. ಅದರ ಬಾಯಿ ಸಣ್ಣದು. ಅದಕ್ಕ ತೆಳ್ಳಗಿದ್ದ ಮಗಳಿಗೆ ಹಗ್ಗ ಕಟ್ಟಿ ಇಳಸ್ತಿದ್ದೆ. ನಿಜಾಮರ ರಾಜ್ಯ ಹೋಗಿ ಹೊಸ ಸರಕಾರ ಬಂದ ಮ್ಯಾಲ, ಸೊಳ್ಳಿ ಔಷಧ ಹೊಡೆಯವರು ನಮ್ಮ ಓಣಿಗೂ ಬಂದರು. ಅವರ ಹತ್ರ ಅರ್ಧ ಚೀಲ ಡಿಡಿಟಿ ಪುಡಿ ಬೇಡಿ ಇಸಗೊಂಡೆ. ಸೊಳ್ಳಿ ಸಾಯತಾವಂದ್ರ ಜೋಳದ ನುಸಿನೂ ಸಾಯಬೇಕಲ್ಲ, ಇದು ನನ್ನ ಶಾಣ್ಯಾತನ. ಮ್ಯಾಲಿಂದ ನಾ ಸುರವಿದೆ, ಒಳಗ ಕುಂತು ಆಕಿ ಎರಡೂ ಕೈಲೆ ಕಲಸಿದಳು. ಮೂರು ವರ್ಷ ಹಂಗ ಮಾಡಿದ್ವಿ. ಹೊರಗ ಬಂದರ ಮೈಯೆಲ್ಲ ಇಬತ್ತಿ ಬಳಕೊಂಡಂಗ ಬೆಳ್ಳಗ.

"ನಮ್ಮ ಮನಿಗೆ ಜಂಗಮ ಬಂದಾನ, ಭಿಕ್ಷಾ ನೀಡ್ರಿ," ಅಂತ ನಾನ ಚಾಷ್ಟಿ ಮಾಡಿದೆ. ಆಕಿ ಕೆಮ್ಮಿಕೋತ ನಕ್ಕಳು. ಆ ಕೆಮ್ಮು ಇವತ್ತಿಗೂ ನನ್ನ ಕಿವ್ಯಾಗ ಐತಿ.

ಶಹಾಪುರಕ್ಕ ಲಗ್ನ ಮಾಡಿಕೊಟ್ಟ ಮರುವರ್ಷ ಆಕೀದು ಒಂದು ಕಣ್ಣು ಮಂಜಾತು, ತಿಂಗಳದಾಗ ತಾನ ತಿಳಿ ಆತು. ಆಮ್ಯಾಲ ಕಾಲು ಜೋಮು ಹಿಡೀತು. ಬಾಣಂತನಕ್ಕ ನಮ್ಮಲ್ಲಿಗೆ ಬಂದಳು. ಹಡೆದು ತಿಂಗಳು ತುಂಬೂದ್ರಾಗ ಸೊಂಟದ ಕೆಳಗಿನ ಸ್ವಾಧೀನನ ಹೋತು. ಕೂಸು ಅತ್ತರ ಮಲಗಿದಲ್ಲೇ ಕೈ ಚಾಚೋಳು, ತೊಟ್ಟಿಲು ಮುಟ್ಟತಿರಲಿಲ್ಲ.

ಹೈದರಾಬಾದಿಗೆ ಒಯ್ದೆವು. ನರದ ಮ್ಯಾಲಿನ ಪೊರಿ ಹಾಳಾಗೋ ಬ್ಯಾನಿ ಅಂದರು ಡಾಕ್ಟರು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಅದರ ಹೆಸರು, ಅಳಿಯಂದಿರು ಚೀಟಿ ಮ್ಯಾಲ ಬರಸಿಕೊಂಡರು. ಬರತದ, ಹೋಗತದ, ಮತ್ತ ಬರತದಂತ. ನಾ ಪುಡಿ ಮಾತು ತಗದೆ. ಅದರಿಂದನ ಅಂತ ಹೇಳಾಕ ಬರೂದಿಲ್ಲ, ಅಲ್ಲ ಅಂತನೂ ಹೇಳಾಕ ಬರೂದಿಲ್ಲ; ಆ ಜೋಳ ಮನಿಮಂದಿ ಎಲ್ಲಾರೂ ಉಂಡೀರಲ್ಲ, ಅಂದರು ಡಾಕ್ಟರು.

ಉಂಡವರು ಎಲ್ಲಾರೂ, ಖರೆ. ಇಳಿದಾಕಿ ಒಬ್ಬಾಕಿನ.

ಊರಿಗೆ ಬಂದು ಮಗಳ ಮುಂದ ಪುಡಿ ಮಾತು, ನನ್ನ ತಪ್ಪು, ಎಲ್ಲಾ ಹೇಳಿಬಿಟ್ಟೆ.

"ಹಗ್ಗ ಹಿಡಿದು ಮ್ಯಾಲ ಎಳದಾಂವನೂ ನೀನ ಅಲ್ಲೇನಪ್ಪಾ," ಅಂದಳು. ಕೂಸಿನ ಕಡಿ ನೋಡಿ, "ಈಕಿನ್ನ ಮಾತ್ರ ಅದರಾಗ ಇಳಸಬ್ಯಾಡ."

ಮರುದಿನನ ಜೋಳ ತಗಸಿ, ಹಗೇವಿಗೆ ಮಣ್ಣು ತುಂಬಿಸಿದೆ. ಈಗ ನಮ್ಮ ಕಾಳು ಬೇವಿನೆಲಿ, ಬೂದಿ ಕೂಡಿ ಚೀಲದಾಗ ಇರತದ.

ಇವತ್ತು ಸಂಜಿಕ ಮಗಳು ನಡದ ಸುದ್ದಿ ಕೇಳಿ ಶಹಾಪುರದ ಬಸ್ಸಿಗೆ ಅಳಿಯಂದಿರು ಬಂದರು. ಆ ಬ್ಯಾನಿ ಆಕಿನ್ನ ಮತ್ತ ಯಾವಾಗ ಮಲಗಸತದೋ ಅಂತ ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ. ಎಲ್ಲಾರೂ ಒಂದ ಸಾಲಿಗೆ ಕುಂತೆವು. ಮಗಳೂ ತೊಡಿ ಮ್ಯಾಲ ಕೂಸು ಹಾಕ್ಕೊಂಡು ಕುಂತಳು. ರೊಟ್ಟಿ ನೀಡಿಕೋತ ನನ್ನ ಹೆಣ್ತಿ ಗೊಣಗಿದಳು, ಈ ಸಲ ಜೋಳದ ತುಂಬ ನುಸಿ, ಹಸನ ಮಾಡಿ ಮಾಡಿ ಕಣ್ಣು ಹೋದವು ಅಂತ.

"ನುಸಿ ಬದುಕ್ಯಾವಲ್ಲ, ಛಲೋ ಆತು," ಅಂದೆ. ಮಗಳು ನಕ್ಕು ಇನ್ನೊಂದು ರೊಟ್ಟಿ ಕೇಳಿದಳು.